ಚಿಪ್‌ನಲ್ಲಿ ಉಳಿದ ಕೂಳೆ

"ಲೈಟು ನೋಡಿ ಅಕ್ಕಾ. ಮಂಕಾಯ್ತು, ಕಂಡ್ರಾ?"

ಕಂಡೆ. ಪೆಟ್ಟಿಗೆಯೊಳಗಿನ ಹಸಿರು ದೀಪ ಕುಗ್ಗಿ, ಮತ್ತೆ ಹೊತ್ತಿಕೊಂಡಿತು. ಶ್ರೀವಾಣಿ ಗುಂಡಿಯನ್ನು ಇನ್ನೊಮ್ಮೆ ಒತ್ತಿದಳು. ಅದೇ ಪಾಡು. ಮತ್ತೂ ಒತ್ತಿದ್ದಕ್ಕೆ ದೀಪ ಪೂರ್ತಿ ಆರಿಹೋಯಿತು. ಪೆಟ್ಟಿಗೆ ಗಪ್‌ಚುಪ್.

"ಇದು ನಿಂಗರಾಜು ಮಾಡಿದ ಚಿಪ್ ಅಲ್ಲ," ಅಂದಳು.

"ಗೊತ್ತು," ಅಂದೆ. ಹಲ್ಲು ಕಚ್ಚಿಕೊಂಡೇ ಅಂದೆ.

ಟಿ. ನರಸೀಪುರದ ಸಂಗಮದಲ್ಲಿ, ಸ್ನಾನಘಟ್ಟದ ಮೇಲ್ಮೆಟ್ಟಿಲಲ್ಲಿ ಕೂತಿದ್ದೆವು. ಬಿಸಿಲು ಚುರುಗುಟ್ಟುತ್ತಿತ್ತು. ಕೆಳಗೆ ಯಾರೋ ಅಸ್ಥಿ ಬಿಡಲು ಬಂದವರು ಪುರೋಹಿತರ ಮಾತಿಗೆ ತಲೆಯಾಡಿಸುತ್ತಾ ಮೊಣಕಾಲುದ್ದ ನೀರಲ್ಲಿ ನಿಂತಿದ್ದರು. ನನ್ನ ತಮ್ಮನನ್ನೂ ನಾನು ಇದೇ ನೀರಿಗೆ ಬಿಟ್ಟೆ, ಬೂದಿಯಾದ ಮೇಲೆ. ಅದಕ್ಕೂ ಮುಂಚೆ ಇನ್ಯಾರೋ ಬಿಟ್ಟಿದ್ದರು, ಜೀವ ಇದ್ದಾಗಲೇ.

ನದಿ ದಿಢೀರನೆ ಏರಿದರೆ ಕೂಗಿ ಜನರನ್ನು ಎಚ್ಚರಿಸೋ ಪೆಟ್ಟಿಗೆ ಇದು. ಒಳಗಡೆ ಒಂದು ಫ್ಲಾಶ್ ಮೆಮೊರಿ ಚಿಪ್, ಅಂದರೆ ಕರೆಂಟು ಹೋದರೂ ಬರೆದದ್ದನ್ನು ಮರೆಯದ ಚಿಪ್. ಆಗಿನ ನೀರಿನ ಮಟ್ಟ ಬರೆದಿಟ್ಟುಕೊಂಡು ಈಗಿನದಕ್ಕೆ ಹೋಲಿಸಿ ನೋಡುತ್ತದೆ. ಅದನ್ನು ಡಿಸೈನ್ ಮಾಡಿದವನು ನನ್ನ ತಮ್ಮ ನಿಂಗರಾಜು, ನಂಜನಗೂಡಿನ ಒಂದು ಕಂಪನಿಯಲ್ಲಿ. ಹಿಂಗಾರಿನಲ್ಲಿ ಒಂದು ಸಂಜೆ ಪೆಟ್ಟಿಗೆ ನೋಡಿ ಬರ್ತೀನಿ ಅಂತ ಹೋದ. ಹೊಳೆ ಏರಿತು, ಪೆಟ್ಟಿಗೆ ಕೂಗಲಿಲ್ಲ, ಅವನು ಮನೆಗೆ ಬರಲಿಲ್ಲ.

ಕಂಪನಿಯವರು ಕೈ ತೊಳೆದುಕೊಂಡರು. ಅವನ ಚಿಪ್ ತುಂಬ ನಿಧಾನವಂತೆ, ನೀರು ಏರಿದ್ದನ್ನು ಬರೆದುಕೊಳ್ಳುವಷ್ಟರಲ್ಲಿ ಹೊತ್ತು ಮೀರಿತಂತೆ. ಕೇಸು ಆಕಸ್ಮಿಕ ಅಂತ ಮುಚ್ಚಿಹೋಯಿತು. ಊರಿನವರಿಗೆ ಅಷ್ಟು ಉದ್ದದ ಮಾತು ಯಾಕೆ? ಸಾಕಿದ ಗಿಣಿ ಹದ್ದಾಗಿ ಕುಕ್ಕಿತು ಅಂತ ಒಂದೇ ಮಾತಲ್ಲಿ ಮುಗಿಸಿದರು.

ಅವರ ಬಾಯಿಗೆ ಮಣ್ಣು ಹಾಕ!

ನಾನು ಚಿನ್ನಮ್ಮ. ಪೊಲೀಸು ಇಲಾಖೆಯಲ್ಲಿ ಎ.ಎಸ್.ಐ. ಆಗಿ ನಿವೃತ್ತಿಯಾದವಳು. ಕೋಪ ಬಂದರೆ ಮಾತು ನಿಲ್ಲಿಸೋ ಹೆಂಗಸರು ಇರ್ತಾರಂತೆ, ನಾನು ಆ ಪೈಕಿ ಅಲ್ಲ. ಅವ್ವ ಹೋದ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಇಂಜಿನಿಯರ್ ಓದಿಸಿದವಳು ನಾನು. ಅವನು ನಾಟಿ ಹಾಕಿಸಿದ್ದ ಗದ್ದೆಯನ್ನು ನಾನೇ ನಿಂತು ಕೊಯ್ಯಿಸಿದೆ. ಕೊಯ್ಲಾದ ದಿನ ಬದುವಿನ ಮೇಲೆ ನಿಂತು ಎಲ್ಲರಿಗೂ ಕೇಳೋ ಹಾಗೆ ಹೇಳಿದೆ: ಕೊಂದವರ ಹೆಸರು ತಿಳಿಯೋವರೆಗೂ ಈ ಗದ್ದೆಗೆ ನೇಗಿಲು ಇಳಿಸಲ್ಲ, ಕೂಳೆ ಹೀಗೇ ನಿಂತಿರಲಿ, ದಾರಿಯಲ್ಲಿ ಹೋಗೋವರೆಲ್ಲ ನೋಡಲಿ.

"ಅಕ್ಕೋ, ಬಯಲಲ್ಲಿ ಎಲ್ರೂ ಬ್ಯಾಸ್ಗೆ ಬೆಳೆಗೆ ಊಳ್ತಾವ್ರೆ. ನಿಮ್ದೊಂದೇ ಅಂಗೇ ಬಿದ್ದದೆ," ಅಂದ ಬೋರಯ್ಯ. ಅವನು ನಮ್ಮೂರವನೇ, ಲಗೇಜ್ ಆಟೋ ಇಟ್ಟವನು. ಮೆಟ್ಟಿಲ ಮೇಲೆ ನಿಂತು ಬೀಡಿ ಹಚ್ಚೋಕೆ ನನ್ನ ಮುಖ ನೋಡುತ್ತಿದ್ದ. "ಟ್ರಾಕ್ಟ್ರಿಗೆ ಯೋಳ್ಲಾ?"

"ಇವತ್ತು ಹೆಸರು ಸಿಕ್ಕರೆ ನಾಳೆ ಊಳೋಣ ಕಣೋ. ಬೀಡಿ ಆಚೆ ಹೋಗಿ ಸೇದು."

ಶ್ರೀವಾಣಿ ಪೆಟ್ಟಿಗೆಯೊಳಗಿಂದ ಉಗುರಿನಷ್ಟು ಅಗಲದ ಹಲಗೆಯೊಂದನ್ನು ಕಿತ್ತು ಅಂಗೈ ಮೇಲಿಟ್ಟಳು. ಅದರ ಮೇಲೆ ಕರೀ ಚಿಪ್ಪು.

"ಇದು ನಮ್ಮ ಆಫೀಸಿನ ಪ್ರಹ್ಲಾದ್ ಸರ್ ಡಿಸೈನು ಅಕ್ಕಾ. ಒಳಗಿನ ಎಲ್ಲಾ ನೆನಪಿನ ಕೋಶಗಳಿಗೂ ಒಂದೇ ಏಟಿಗೆ ಬರೆಯುತ್ತೆ. ಸ್ಪೀಡ್ ಅಂದ್ರೆ ಸ್ಪೀಡು. ಆದ್ರೆ ಬರೆಯೋ ಆ ಗಳಿಗೆಲಿ ಬ್ಯಾಟರಿನ ಗಟಗಟ ಅಂತ ಕುಡಿದುಬಿಡುತ್ತೆ. ಆಫೀಸಲ್ಲಿ ಗೋಡೆ ಕರೆಂಟಿಗೆ ಹಾಕಿ ನೋಡಿದ್ರೆ ಇದು ಗೊತ್ತೇ ಆಗಲ್ಲ. ಇಲ್ಲಿ ಹೊಳೆ ದಂಡೇಲಿ ಹಳೇ ಬ್ಯಾಟರಿ ತಡ್ಕೊಳ್ಳಲ್ಲ, ಪೆಟ್ಟಿಗೆ ಮೂರ್ಛೆ ಹೋಗುತ್ತೆ."

ನನಗೆ ಇದು ಹೊಸದಲ್ಲ. ನಿಂಗರಾಜು ಊಟಕ್ಕೆ ಕೂತಾಗ ನನ್ನ ತಲೆ ತಿನ್ನುತ್ತಿದ್ದದ್ದೇ ಈ ಪುರಾಣ. "ನಾಲೆ ನೀರು ನಿಂಗೆ ಗೊತ್ತಲ್ಲಕ್ಕ. ಎಲ್ಲಾ ತೂಬೂ ಒಟ್ಗೆ ಎತ್ತುದ್ರೆ ಬಿರ್ರನೆ ನುಗ್ತದೆ, ಆದ್ರೆ ನಾಲೆನೇ ಬತ್ತೋಯ್ತದೆ, ಕೊನೇ ಗದ್ದೆಗೆ ತೊಟ್ಟು ನೀರಿಲ್ಲ. ಒಂದೊಂದೇ ಎತ್ತುದ್ರೆ ಎಲ್ರಿಗೂ ಸಿಗ್ತದೆ, ಆದ್ರೆ ಒತ್ತು ಮುಳುಗೋಯ್ತದೆ. ಪ್ರಹ್ಲಾದಂದು ಮೊದಲ್ನೇದು. ನಂದು ನಾಲೆ ನೋಡ್ಕೊಂಡು ತೂಬು ಎತ್ತೋ ಚಿಪ್ಪು. ತುಂಬಿದ್ರೆ ನಾಲ್ಕು ಎತ್ತು, ಇಳ್ದಿದ್ರೆ ಒಂದೇ ಎತ್ತು. ಯಾವತ್ತೂ ನಿಲ್ಲಬಾರ್ದು, ಅಷ್ಟೆ."

ಇಂಥವನನ್ನು ನಿಧಾನಿ ಅಂದರು. ನಿಧಾನಿ ಅಂದು, ಅವನ ಸಾವನ್ನು ಅವನ ತಲೆಗೇ ಕಟ್ಟಿದರು. ಅವನ ಚಿಪ್ ಇದ್ದಿದ್ದರೆ ದೀಪ ಮಂಕಾಗುತ್ತಿರಲಿಲ್ಲ, ಪೆಟ್ಟಿಗೆ ಕೂಗದೆ ಇರುತ್ತಿರಲಿಲ್ಲ.

"ಹಾಗಾದ್ರೆ ಯಾರೋ ಬದಲಾಯಿಸಿದ್ದಾರೆ," ಅಂದೆ.

"ಯಾರೋ ಯಾಕೆ ಅಕ್ಕಾ?" ಶ್ರೀವಾಣಿ ತೋಳು ಎಳೆದುಕೊಂಡಳು. ಅಂಥಾ ಬಿಸಿಲಲ್ಲೂ ಮಣಿಕಟ್ಟಿನವರೆಗೆ ಮುಚ್ಚೋ ಉದ್ದ ತೋಳಿನ ಚೂಡಿದಾರ ಹಾಕಿದ್ದಳು, ಬೆವರು ನೀರಾಗಿ ಇಳಿಯುತ್ತಿತ್ತು. "ಪ್ರಹ್ಲಾದ್ ಸರ್ ಚಿಪ್ ಇನ್ಯಾರ ಹತ್ರ ಇರುತ್ತೆ?"

ಸರಿಯಾದ ಮಾತು. ಮುಚ್ಚಳ ತೆಗೆಯೋದೂ ಎಲ್ಲರ ಕೈಲಿ ಆಗೋದಲ್ಲ. ಪೆಟ್ಟಿಗೆಗೆ ಸರ್ವಿಸ್ ಕೀ ಅಂತ ಒಂದು ಪುಟ್ಟ ತುಂಡು ಚುಚ್ಚಬೇಕು, ಚುಚ್ಚಿದರೆ ಮಾತ್ರ ಬಾಯಿ ಬಿಡುತ್ತೆ. ಇದ್ದದ್ದು ಮೂರೇ ಕೀ. ನಂಬರು ಹಾಕೋ ಬದಲು ನನ್ನ ತಮ್ಮ ಅವಕ್ಕೆ ಭತ್ತದ ಹೆಸರಿಟ್ಟಿದ್ದ. ತನ್ನದು ಸಣ್ಣಭತ್ತ. ಶ್ರೀವಾಣಿಯದು ಗಂಧಸಾಲೆ, ಈಗ ಪೆಟ್ಟಿಗೆ ತೆಗೆದದ್ದೂ ಅದರಲ್ಲೇ. ಪ್ರಹ್ಲಾದನದು ರಾಜಮುಡಿ. ರಾಜಮುಡಿ ಯಾಕೋ ಅಂದರೆ, "ಆವಯ್ಯನ ಧಿಮಾಕಿಗೆ ಅದೇ ಸರಿ" ಅಂತ ನಕ್ಕಿದ್ದ.

ಆ ಕೀ ಹೆಸರಿನಲ್ಲೇ ನನ್ನ ಸೇಡು ಕೂತಿತ್ತು. ಯಾಕಂದರೆ ಯಾರಾದರೂ ಬ್ಯಾಟರಿ ತಂತಿ ಕಿತ್ತರೂ ನಿಂಗರಾಜು ಚಿಪ್ ತಕ್ಷಣ ಸಾಯೋದಿಲ್ಲ. ಒಳಗೆ ಉಳಿದ ಒಂದು ಗುಟುಕು ಕರೆಂಟಿನಲ್ಲಿ ಕೊನೆಯದಾಗಿ ಒಂದೇ ಒಂದು ಮಾತು ಬರೆದು ಆಮೇಲೆ ಕಣ್ಣು ಮುಚ್ಚುತ್ತೆ. ಚುಚ್ಚಿದ್ದ ಕೀ ಯಾವುದು ಅನ್ನೋದೇ ಆ ಮಾತು. ಅಸಲಿ ಚಿಪ್ ಸಿಕ್ಕರೆ ಕೊಲೆಗಾರನ ಹೆಸರೂ ಸಿಕ್ಕಿತು.

"ಸಿಕ್ಕಿದ್ರೂ ಏನು ಬಂತು ಅಕ್ಕಾ?" ಅಂದಳು ಶ್ರೀವಾಣಿ. "ಅಷ್ಟು ದಡ್ಡನಾ ಅವನು? ಅವತ್ತೇ ಅಳಿಸಿರ್ತಾನೆ."

ನಾನು ನಕ್ಕೆ. ನಕ್ಕು ಎಷ್ಟು ದಿನವಾಗಿತ್ತೋ.

"ಅಳಿಸಿದ್ರೂ ಅಳಿಯಲ್ಲ ಕಣಮ್ಮ."

ಅವಳ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ನಿಂತಿತು. "ಅಂದ್ರೆ?"

"ಬರೆಯೋದಕ್ಕಿಂತ ಅಳಿಸೋಕೆ ಜಾಸ್ತಿ ಕರೆಂಟು ಬೇಕಂತಲ್ಲ? ಅದಕ್ಕೆ ನನ್ನ ತಮ್ಮ ಒಂದು ಉಪಾಯ ಮಾಡಿದ್ದ. ಅಳಿಸು ಅಂದ ತಕ್ಷಣ ಚಿಪ್ಪು ಖಾಲಿ ಅಂತ ಗುರುತು ಹಾಕ್ಕೊಂಡು ಸುಮ್ಮನಾಗುತ್ತೆ. ಕೊಯ್ಲಾದ ಗದ್ದೆನ ಖಾಲಿ ಅಂತೀವಲ್ಲ, ಹಾಗೆ. ಖಾಲಿ ಹೌದು, ಆದ್ರೆ ಕೂಳೆ ಇರುತ್ತಲ್ಲ? ಕೂಳೆ ನೋಡಿ ಯಾವ ಭತ್ತ ಬೆಳೆದಿದ್ರು ಅಂತ ಹೇಳಬಹುದು. ಬ್ಯಾಟರಿ ತುಂಬಿ ತುಳುಕಿದಾಗ ಮಾತ್ರ ಅದು ನಿಜವಾಗಿ ಊಳೋದು."

"ಇದನ್ನ ಅವರು ಆಫೀಸಲ್ಲಿ ಯಾರಿಗೂ ಹೇಳಿರಲಿಲ್ಲ."

"ಹೇಳಿದ್ರೆ ಪ್ರಹ್ಲಾದ ಆಡ್ಕೊಂಡು ನಗ್ತಾನೆ, ಪಳಗಿದ ಮೇಲೆ ಹೇಳ್ತೀನಿ ಅಂದಿದ್ದ. ಮನೇಲಿ ಹೇಳಿದ, ನನಗೆ."

"ನಂಗೂ ಹೇಳಿರಲಿಲ್ಲ," ಅಂದಳು. ಮುಖ ಸಪ್ಪಗಾಯಿತು.

ಪಾಪ ಅನ್ನಿಸಿತು ನನಗೆ. ಶ್ರೀವಾಣಿ ನಂಜನಗೂಡಿನ ದೇವಸ್ಥಾನದ ಬೀದಿಯ ಹುಡುಗಿ, ನಿಂಗರಾಜು ಜೊತೆ ಒಂದೇ ಮೇಜಿನಲ್ಲಿ ಕೆಲಸ ಮಾಡಿದವಳು. ಇಬ್ಬರ ನಡುವೆ ಏನಿತ್ತು ಅಂತ ನನಗೆ ಯಾರೂ ಹೇಳಬೇಕಿರಲಿಲ್ಲ. ಜಾತಿ ಗೀತಿ ಅಂತ ಇವಳ ಮನೆಯವರು ಒದ್ದಾಡುತ್ತಿದ್ದರು, ಇಲ್ಲದಿದ್ದರೆ ಈ ಹೊತ್ತಿಗೆ ನಮ್ಮ ಮನೆ ಸೊಸೆ. ಅವನು ಹೋದ ಮೇಲೆ ನನ್ನ ಜೊತೆ ನಿಂತವಳು ಇವಳೊಬ್ಬಳೇ.

"ಬ್ಯಾಟರಿ ತುಂಬಿದ್ರೆ ಮಾತ್ರ ಊಳುತ್ತಾ ಅಕ್ಕಾ?"

"ಹೂಂ. ಇಲ್ಲಾ ಗೋಡೆ ಕರೆಂಟಿಗೆ ಹಾಕಿದ್ರೆ."

"ಗೋಡೆ ಕರೆಂಟಿಗೆ ಹಾಕಿದ್ರೆ," ಅಂತ ಅವಳೂ ಅಂದಳು. ಪೆಟ್ಟಿಗೆ ಎತ್ತಿ ಗೋಣಿಚೀಲಕ್ಕೆ ತುಂಬಿದಳು. "ನಡೀರಿ ಹಾಗಾದ್ರೆ. ಮಧ್ಯಾಹ್ನ ಯಾರೋ ದೊಡ್ಡೋರು ಬರ್ತಿದ್ದಾರೆ ಆಫೀಸಿಗೆ. ಪ್ರಹ್ಲಾದ್ ಸರ್ ತಮ್ಮ ಹೊಸ ಚಿಪ್ ತೋರಿಸ್ತಾರಂತೆ. ಗಡಿಯಾರದ ಸೆಲ್ಲಲ್ಲಿ ನಡೆಯೋ ಚಿಪ್."

ನಾನು ಮೆಟ್ಟಿಲ ಮೇಲೇ ನಿಂತುಬಿಟ್ಟೆ.

"ಯಾರು? ಸ್ಪೀಡು ಸ್ಪೀಡು ಅಂತ ಬಾಯಿ ಬಡ್ಕೊಳ್ಳೋ ಆ ಪ್ರಹ್ಲಾದನಾ?"

"ಅವರೇ."

ಬೋರಯ್ಯನ ಬೀಡಿ ಇನ್ನೂ ಅರ್ಧ ಇತ್ತು. ಕಿತ್ತು ಹೊಳೆಗೆ ಎಸೆದೆ. "ಗಾಡಿ ತೆಗಿಯೋ!"

* * *

ನಂಜನಗೂಡಿನ ದಾರಿ ಉದ್ದಕ್ಕೂ ನಾನು ಒಂದೇ ಯೋಚನೆ ಮಾಡಿದೆ. ಆ ಪ್ರಹ್ಲಾದನನ್ನು ಏನು ಮಾಡಲಿ? ಸ್ಟೇಷನ್ನು, ಕೋರ್ಟು, ಜಾಮೀನು, ಇವೆಲ್ಲ ನಾನು ನೋಡದ್ದಲ್ಲ. ಅದಲ್ಲ ನನಗೆ ಬೇಕಾಗಿದ್ದು. ಅವನನ್ನು ಕತ್ತು ಹಿಡಿದು ಅದೇ ಘಟ್ಟಕ್ಕೆ ಕರೆದುಕೊಂಡು ಹೋಗಬೇಕು. ಎದೆಮಟ್ಟದ ನೀರಲ್ಲಿ ನಿಲ್ಲಿಸಬೇಕು. ಮೆಟ್ಟಿಲ ಮೇಲೆ ಊರು ಸೇರಿರಬೇಕು. 'ನಿಂಗರಾಜು ಚಿಪ್ ನಿಧಾನ ಅಲ್ಲ' ಅಂತ ಅವನ ಬಾಯಲ್ಲಿ ಕೂಗಿಸಬೇಕು, ಗಂಟಲು ಹರಿಯೋವರೆಗೂ. ಆಮೇಲೆ? ಆಮೇಲೆ ನನ್ನ ಕೈ ಏನು ಮಾಡುತ್ತೋ ನನಗೇ ಗೊತ್ತಿರಲಿಲ್ಲ. ತಪ್ಪು ಅಂತ ನನಗೆ ಅನ್ನಿಸಲೂ ಇಲ್ಲ.

ಪಕ್ಕದಲ್ಲಿ ಶ್ರೀವಾಣಿ ಕಣ್ಣು ಮುಚ್ಚಿ ಕೂತಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು. ಏನೋ ಸ್ತೋತ್ರ ಹೇಳಿಕೊಳ್ಳುತ್ತಿದ್ದಾಳೆ ಅಂದುಕೊಂಡೆ.

ಕೈಗಾರಿಕಾ ಪ್ರದೇಶದ ಒಂದು ತುದಿಯಲ್ಲಿ ಆ ಕಂಪನಿ. ವಾಚ್‌ಮನ್ ನನ್ನ ಮುಖ ನೋಡಿದ, ಗೇಟು ತೆಗೆದ. ಹಳೇ ಪೊಲೀಸಿನ ಮುಖಕ್ಕೆ ಪಾಸು ಬೇಡ.

ಪ್ರಹ್ಲಾದ ಲ್ಯಾಬಿನಲ್ಲಿ ಒಬ್ಬನೇ ಇದ್ದ. ಬೆಳಿಗ್ಗೆ ಮಠಕ್ಕೆ ಹೋಗಿ ಬಂದಿದ್ದ ಅಂತ ಕಾಣುತ್ತೆ, ಹಣೆಯ ಮೇಲಿನ ಅಂಗಾರದ ಕಪ್ಪು ಗೆರೆ ಇನ್ನೂ ಮಾಸಿರಲಿಲ್ಲ. ಇಸ್ತ್ರಿ ಮುರಿಯದ ಅಂಗಿ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಗಾಜಿನ ತಟ್ಟೆ ಇಟ್ಟು, ತಟ್ಟೆಯ ನಡುವೆ ಉಗುರಗಲದ ಹಲಗೆ ಕೂರಿಸಿದ್ದ, ನೈವೇದ್ಯಕ್ಕೆ ಇಟ್ಟ ಹಾಗೆ. ಹಲಗೆಗೆ ಒಂದು ಗುಂಡು ಸೆಲ್ಲು ಅಂಟಿಸಿತ್ತು.

ನಾನು ಬಾಗಿಲು ಹಾಕಿದೆ. ಗೋಣಿಚೀಲವನ್ನು ಅವನ ಬಿಳಿ ಬಟ್ಟೆಯ ಮೇಲೆ ಕುಕ್ಕಿದೆ.

"ಏನಮ್ಮಾ ಇದು? ಶ್ರೀವಾಣಿ, ಏನಿದು?" ಅಂದ. ಅನ್ನುತ್ತಲೇ ಅವನ ಕೈ ತಟ್ಟೆಯನ್ನು ಹಿಂದಕ್ಕೆ ಸರಿಸಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳೋರನ್ನು ನನ್ನ ಸರ್ವೀಸಿನಲ್ಲಿ ಎಷ್ಟು ನೋಡಿಲ್ಲ!

"ಆ ತಟ್ಟೆ ಅಲ್ಲೇ ಇರಲಿ ಪ್ರಹ್ಲಾದಾಚಾರ್ರೇ. ನಿಮ್ಮ ಹೊಸ ಚಿಪ್ಪಾ?"

"ಹೌದು. ಈಗ ದಯವಿಟ್ಟು ಹೊರಗೆ..."

"ಎಷ್ಟು ಸ್ಪೀಡು?"

"ಸ್ಪೀಡು ಒಂದೇ ಮುಖ್ಯ ಅಲ್ಲಮ್ಮ. ಕರೆಂಟ್ ಉಳಿತಾಯ ಮುಖ್ಯ. ಇದು ಗಡಿಯಾರದ ಸೆಲ್ಲಲ್ಲಿ ನಡೆಯುತ್ತೆ. ಬ್ಯಾಟರಿ ಎಷ್ಟಿದೆ ಅಂತ ತಾನೇ ನೋಡ್ಕೊಂಡು ಬರೆಯುತ್ತೆ."

"ನಾಲೆ ನೋಡ್ಕೊಂಡು ತೂಬು ಎತ್ತುತ್ತೆ."

"ಏನಂದ್ರಿ?"

"ನನ್ನ ತಮ್ಮ ಹಾಗೆ ಅಂತಿದ್ದ. ನಿಧಾನಿ, ಹಳ್ಳಿ ಗಮಾರ, ಗದ್ದೆ ಬುದ್ಧಿ ಅಂತ ನೀವು ಅವನನ್ನ ಎಲ್ಲರೆದುರು ಆಡ್ಕೊಳ್ತಿದ್ರಿ. ಅವನು ಸತ್ತ ಮೇಲೆ ನಿಮಗೂ ಗದ್ದೆ ಬುದ್ಧಿ ಬಂತಾ?"

ಬೆವರಿದ. ಏ.ಸಿ. ಕೋಣೆಯಲ್ಲೂ ಅವನ ಅಂಗಾರ ಕರಗಿ ಮೂಗಿನ ಕಡೆ ಇಳಿಯಿತು.

"ಅವನ ಐಡಿಯಾಗಳು ಕಂಪನಿ ಆಸ್ತಿ. ಅದನ್ನ ನಾನು ಮುಂದುವರಿಸಿದ್ದೀನಿ, ಅಷ್ಟೆ."

"ಐಡಿಯಾ ಅಷ್ಟೇನಾ?" ನಾನು ಬಗ್ಗಿ ತಟ್ಟೆ ನೋಡಿದೆ. ಹಲಗೆಯ ಅಂಚಿಗೆ ಹಳದಿಯಾಗಿ ಏನೋ ಮೆತ್ತಿತ್ತು. ಕನ್ನಡಕ ಏರಿಸಿ ನೋಡಿ ಉಗುರಿನಿಂದ ಕೆರೆದೆ. ಉಗುರಿಗೆ ಜಿಡ್ಡು ಹತ್ತಿತು. ಮೂಸಿದೆ.

ಜೇನುಮೇಣ. ಹೊಳೆ ದಂಡೆಯ ತೇವಕ್ಕೆ ಚಿಪ್ ಕೆಡಬಾರದು ಅಂತ ನಿಂಗರಾಜು ನನ್ನ ಒಲೆಯ ಮೇಲೇ ಮೇಣ ಕರಗಿಸಿ ಹಚ್ಚಿದ್ದ. ನನ್ನ ಸಾರಿನ ಸೌಟು ಹಾಳು ಮಾಡಿದ್ದ, ಅವತ್ತು ಚೆನ್ನಾಗಿ ಬೈದಿದ್ದೆ. ಆ ಮೇಣದಲ್ಲಿ ಈಗ ಹೊಳೆಯುವ ಕಣಗಳು. ಮರಳು. ಸಂಗಮದ ಮರಳು.

ಆ ಸೌಟು ಈಗಲೂ ಗೂಟದಲ್ಲಿ ನೇತಾಡುತ್ತಿದೆ, ಎಸೆಯೋಕೆ ಮನಸ್ಸಿಲ್ಲ.

"ಲೋ," ಅಂದೆ. ಮರ್ಯಾದೆಯ ಮಾತು ಅಲ್ಲಿಗೆ ಮುಗಿಯಿತು. ಅವನ ಕಾಲರು ನನ್ನ ಮುಷ್ಟಿಯಲ್ಲಿತ್ತು. "ಇದು ಹೊಳೆ ದಂಡೆ ಪೆಟ್ಟಿಗೆಯಿಂದ ಕಿತ್ತ ಚಿಪ್ಪು ಕಣೋ! ಅಲ್ಲಿ ನಿನ್ನ ಹಾಳು ಚಿಪ್ ಹಾಕಿ, ಇದನ್ನ ಇಲ್ಲಿ ತಂದು ಪೂಜೆಗೆ ಇಟ್ಟಿದ್ದೀಯಾ! ಅವನನ್ನ ನೀರಿಗೆ ತಳ್ಳಿದ ಕೈ ತೊಳ್ಕೊಂಡು ಮಠಕ್ಕೆ ಹೋದ್ಯಾ, ತೊಳೀದೇ ಹೋದ್ಯಾ?"

"ಅಮ್ಮಾ! ನಾನಲ್ಲ!" ಅವನ ದನಿ ಸೀಳಿತು. "ರಾಯರಾಣೆ ನಾನಲ್ಲ! ಅವನು ಹೋದ ಮಾರನೇ ಬೆಳಿಗ್ಗೆ ಇದು ನನ್ನ ಮೇಜಿನ ಮೇಲಿತ್ತು. ಒಂದು ಕವರಲ್ಲಿ. ಅವನೇ ಇಟ್ಟು ಹೋಗಿದ್ದ ಅಂದುಕೊಂಡೆ."

"ಮೇಣ ಕಾಣಲಿಲ್ವಾ? ಮರಳು ಕಾಣಲಿಲ್ವಾ?"

"ಕಾಣಿಸ್ತು."

"ಮತ್ತೆ?"

ಅವನು ಕಣ್ಣು ತಗ್ಗಿಸಿದ. "ಕೇಳಿದ್ರೆ ವಾಪಸ್ ಕೊಡಬೇಕಾಗಿತ್ತಲ್ಲ."

ಬಿಟ್ಟೆ. ಕೈಗೆ ಹೇಸಿಗೆ ಹತ್ತಿದ ಹಾಗಾಯಿತು, ಸೆರಗಿಗೆ ಒರೆಸಿಕೊಂಡೆ. ಇವನು ಸುಳ್ಳು ಹೇಳುತ್ತಿದ್ದಾನೆ ಅಂತಲೇ ನನ್ನ ಮನಸ್ಸು ಹಟ ಹಿಡಿದಿತ್ತು. ಇವನೇ ಆಗಿರಬೇಕಿತ್ತು ನನಗೆ.

"ಓದು ಇದನ್ನ," ಅಂದೆ. "ಕೊನೇಲಿ ಚುಚ್ಚಿದ್ದ ಕೀ ಯಾವುದು ಅಂತ."

"ಖಾಲಿ ಅಂತ ತೋರಿಸುತ್ತೆ. ನಂಗೆ ಸಿಕ್ಕಿದಾಗಲೇ ಅಳಿಸಿತ್ತು."

"ಅಳಿಸಿಲ್ಲ. ಗುರುತು ಹಾಕಿದೆ ಅಷ್ಟೆ. ಕರೆಂಟು ಸಾಕಷ್ಟು ಸಿಕ್ಕಾಗ ಮಾತ್ರ ಅದು ನಿಜವಾಗಿ ಅಳಿಸೋದು. ಇದನ್ನ ಯಾವತ್ತಾದ್ರೂ ಗೋಡೆ ಕರೆಂಟಿಗೆ ಹಾಕಿದ್ಯಾ?"

"ಇಲ್ಲ. ಸೆಲ್ಲಲ್ಲಿ ನಡೆಯೋದೇ ಇದರ ಹೆಚ್ಚುಗಾರಿಕೆ, ಹಾಗಾಗಿ ಸೆಲ್ಲಲ್ಲೇ..." ಮಾತು ಅಲ್ಲೇ ನಿಂತಿತು. ಅವನ ಬಾಯಿ ತೆರೆದುಕೊಂಡಿತು. "ಅಳಿಸೋದನ್ನ ಮುಂದಕ್ಕೆ ಹಾಕಿದ್ದಾನಾ? ಅಯ್ಯೋ! ಎಂಥಾ ತಲೆ ರೀ ಅವನದು!"

"ಈಗ ಹೊಗಳ್ತೀಯಾ? ನಾಚಿಕೆ ಇಲ್ವಾ ನಿನ್ನ ಜನ್ಮಕ್ಕೆ! ಓದು!"

"ಓದ್ತೀನಿ. ನಾನೇ ಓದ್ತೀನಿ." ಕಂಪ್ಯೂಟರು ಎಳೆದುಕೊಂಡ. ಹಿಂದೇಟು ಹಾಕಲಿಲ್ಲ. "ನಾನು ಕಳ್ಳ, ಒಪ್ಕೋತೀನಿ. ಕೊಲೆಗಾರ ಅಲ್ಲ. ಗುರುತು ನೋಡದೆ ಕೋಶಗಳನ್ನೇ ನೇರವಾಗಿ ಓದೋ ಹಾಗೆ ಮಾಡ್ತೀನಿ. ಚಿಪ್‌ನಲ್ಲಿ ಆ ಗಳಿಗೆಗೆ ಏನಿದೆಯೋ ಅದೇ ಪರದೆ ಮೇಲೆ ಬರುತ್ತೆ."

ಅಷ್ಟು ಧೈರ್ಯವಾಗಿ ಅವನು ಕೀಲಿ ಒತ್ತುತ್ತಿರೋದು ನೋಡಿ ನನಗೆ ಮೊದಲ ಬಾರಿಗೆ ಅನುಮಾನ ಹುಟ್ಟಿತು. ಉಪ್ಪು ತಿಂದವನು ನೀರು ಕುಡಿಯಲೇಬೇಕು. ಇವನು ಕುಡಿಯೋಕೆ ತಾನೇ ಲೋಟ ಹಿಡಿದು ನಿಂತಿದ್ದಾನಲ್ಲ?

"ಸೆಲ್ಲು ಕೀಳಬೇಡ," ಅಂದೆ. "ಶ್ರೀವಾಣಿ, ತಂತಿ ನೀನೇ ಜೋಡಿಸಮ್ಮ. ಇವನ ಕೈ ಮೇಲೆ ನಂಬಿಕೆ ಇಲ್ಲ ನನಗೆ."

"ಆಗಲಿ ಅಕ್ಕಾ," ಅಂದಳು.

ಅವಳು ಮೇಜಿನ ಆ ಕಡೆ ಹೋಗಿ, ಚಿಪ್‌ನ ಹಲಗೆಯಿಂದ ಕಂಪ್ಯೂಟರಿಗೆ ತೆಳು ತಂತಿಗಳನ್ನು ಸಿಕ್ಕಿಸಿದಳು. ಅವಳ ಮಗ್ಗುಲಲ್ಲಿ ಒಂದು ಕಬ್ಬಿಣದ ಪೆಟ್ಟಿಗೆ, ಅದರ ಮೇಲೆ ದಪ್ಪ ತಿರುಗುಗುಂಡಿ. ಲ್ಯಾಬಿಗೆ ಬೇಕಾದಷ್ಟು ಕರೆಂಟು ಕೊಡೋ ಪೆಟ್ಟಿಗೆ ಅದು. ನಾನು ಅದರ ಕಡೆ ಗಮನ ಕೊಡಲಿಲ್ಲ, ನನ್ನ ಕಣ್ಣೆಲ್ಲ ಪರದೆಯ ಮೇಲಿತ್ತು.

ಕಪ್ಪು ಪರದೆ. ಮಿಣುಕುವ ಒಂದು ಗೆರೆ.

ಆರ್ ಬರಬೇಕು. ರಾಜಮುಡಿಯ ಆರ್. ಬಾರೋ, ಬಾ. ನನ್ನ ತಮ್ಮನೇ ಬರೆದು ಹೇಳುತ್ತಿದ್ದಾನೆ ಅನ್ನಿಸಿತು.

ಮೊದಲ ಅಕ್ಷರ ಬಂತು.

ಜಿ.

"ಇದೇನು?" ಅಂದೆ. ಸೆಲ್ಲಿನ ಬಡ ಕರೆಂಟಿಗೆ ತಕ್ಕ ಹಾಗೆ ಚಿಪ್ಪು ಒಂದೊಂದೇ ತೂಬು ಎತ್ತುತ್ತಿತ್ತು.

ಎ.

ಎನ್.

ಡಿ.

ಪ್ರಹ್ಲಾದ ಮೆಲ್ಲನೆ ತಲೆ ತಿರುಗಿಸಿದ. ನನ್ನ ಕಡೆಗಲ್ಲ, ಮೇಜಿನ ಆ ಕಡೆಗೆ.

ಗಂಧಸಾಲೆ.

ಬೆಳಿಗ್ಗೆ ನನ್ನ ಕಣ್ಣೆದುರೇ ಪೆಟ್ಟಿಗೆ ತೆಗೆದ ಕೀ. ಪ್ರಹ್ಲಾದನ ಚಿಪ್ಪು ಇನ್ಯಾರ ಹತ್ತಿರ ಇರುತ್ತೆ ಅಂತ ನನ್ನನ್ನೇ ಕೇಳಿದವಳ ಕೀ. ಒಂದೇ ಲ್ಯಾಬಿನಲ್ಲಿ ಕೂತವಳಿಗೆ ಅವನ ಚಿಪ್ಪು ಎತ್ತಿಕೊಳ್ಳೋದು ಎಷ್ಟರ ಕೆಲಸ? ಕಿತ್ತದ್ದನ್ನು ಅವನ ಮೇಜಿನ ಮೇಲೆ ಇಡೋದು ಎಷ್ಟರ ಕೆಲಸ? ಅಳಿಸಿದೆ ಅಂತ ನಂಬಿ ನೆಮ್ಮದಿಯಾಗಿದ್ದವಳಿಗೆ ಕೂಳೆ ಇನ್ನೂ ಇದೆ ಅಂತ ಹೊಳೆ ದಂಡೆಯಲ್ಲಿ ಕೂತು ಹೇಳಿಕೊಟ್ಟವಳು ಯಾರು? ನಾನೇ! ಎರಡೆರಡು ಸಲ ಕೇಳಿದಳು, ಎರಡು ಸಲವೂ ಬಿಡಿಸಿ ಹೇಳಿದೆ. ಥೂ ನನ್ನ ಬುದ್ಧಿಗಿಷ್ಟು!

ಕಬ್ಬಿಣದ ಪೆಟ್ಟಿಗೆ ಗುಂಯ್ ಅನ್ನತೊಡಗಿತು.

"ಕರೆಂಟು!" ಅಂತ ಪ್ರಹ್ಲಾದ ಕಿರುಚಿದ. "ಕರೆಂಟು ಕೊಟ್ಟಿದ್ದಾಳೆ! ಊಳ್ತಾ ಇದೆ!"

ಡಿ ಮಾಯವಾಯಿತು. ಎನ್ ಹೋಯಿತು.

ನಾನು ಮೇಜಿನ ಮೇಲೇ ಬಿದ್ದೆ. ಗಾಜಿನ ತಟ್ಟೆ ಕೆಳಗೆ ಬಿದ್ದು ಚೂರಾಯಿತು. ತಿರುಗುಗುಂಡಿಯ ಮೇಲಿದ್ದ ಅವಳ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ತಿರುಚಿದೆ. ಎಷ್ಟು ಕೈಗಳಿಗೆ ಕೋಳ ತೊಡಿಸಿದ ಕೈ ಇದು, ಹಿಡಿದರೆ ಬಿಡಿಸಿಕೊಳ್ಳೋದು ಯಾರ ಕೈಲೂ ಆಗಲ್ಲ. ಅವಳು ಬಿಡಿಸಿಕೊಳ್ಳಲು ನೋಡಲೇ ಇಲ್ಲ.

ಪರದೆ ಖಾಲಿಯಾಗಿತ್ತು. ಕೂಳೆಯ ಗುರುತೂ ಇಲ್ಲದ ಹಾಗೆ ಉತ್ತುಬಿಟ್ಟಿತ್ತು. ಆ ಹೆಸರು ನೋಡಿದವರು ಈ ಲೋಕದಲ್ಲಿ ಇನ್ನು ಇಬ್ಬರೇ, ಸತ್ತವನ ಅಕ್ಕ ಮತ್ತು ಸತ್ತವನ ಮಾಲು ಕದ್ದ ಕಳ್ಳ. ನಮ್ಮ ಮಾತು ಯಾರು ನಂಬುತ್ತಾರೆ?

"ಯಾಕೆ?" ಅಂದೆ. "ಯಾಕೆ ಕಣೇ? ಅವನು ನಿನ್ನ..."

ಎಳೆದಾಟಕ್ಕೆ ಅವಳ ಉದ್ದ ತೋಳು ಮೊಣಕೈವರೆಗೆ ಸರಿದಿತ್ತು. ಮಣಿಕಟ್ಟಿನ ಮೇಲೆ, ನನ್ನ ಬೆರಳುಗಳ ಕೆಳಗೇ, ಉಗುರು ಆಳವಾಗಿ ಇಳಿದ ನಾಲ್ಕು ಹಳೇ ಗಾಯದ ಕಲೆ. ಮುಳುಗುವವನು ಕೈಗೆ ಸಿಕ್ಕಿದ್ದನ್ನು ಹಿಡಿಯೋದು ಹಾಗೆ. ನನ್ನ ಬೆರಳು ಸರಿಯಾಗಿ ಆ ಕಲೆಗಳ ಮೇಲೆ ಕೂತಿದ್ದವು.

ಶ್ರೀವಾಣಿ ನನ್ನ ಮುಖ ನೋಡಿದಳು. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

"ನಮ್ಮನೇಲಿ ಒಪ್ಪಲ್ಲ, ಬಿಟ್ಬಿಡಿ ಅಂದ್ರೂ ಅವರು ಬಿಡಲಿಲ್ಲ. ನೀರಲ್ಲೂ ಹೀಗೇ ಹಿಡ್ಕೊಂಡಿದ್ರು ಅಕ್ಕಾ. ಇದೇ ಕೈನ."

ನಾನು ಕೈ ಬಿಡಲಿಲ್ಲ.